ಸಂಜೆ ಐದೂವರೆ ಆದ ಮೇಲೆ ಮಾತಾಡಲು ಯಾರೂ ಇಲ್ಲ

(ನನ್ನ ಹತ್ತಿರ ಸಲಹೆಗೆ ಬಂದವರೊಬ್ಬರ ಕಥೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದದ್ದು.)

ದಾವಣಗೆರೆ ಕಡೆಯ ಹೆಣ್ಣುಮಗಳು, ವಯಸ್ಸು ಮೂವತ್ತರ ಆಸುಪಾಸು. ಎಂ.ಕಾಂ. ಓದಿದ್ದಾರೆ. ಗಂಡನಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮದುವೆಯಾಗಿ ಬೇಸಿಗೆಯಲ್ಲಿ ಅಲ್ಲಿಗೆ ಹೋದವರು ಡಿಸೆಂಬರ್‌ನಲ್ಲಿ ವಿಡಿಯೋ ಕಾಲ್‌ನಲ್ಲಿ ಸಿಕ್ಕರು. "ಸಂಜೆ ಆದ್ರೆ ಸಾಕು ಮೇಡಂ, ಅಳು ಬರುತ್ತೆ. ಯಾಕೆ ಅಂತ ಇವರು ಕೇಳಿದ್ರೆ ಹೇಳೋಕೆ ಕಾರಣಾನೇ ಇಲ್ಲ" ಎಂದರು.

ನಿದ್ದೆ, ಊಟ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದಾ ಎಂದೂ ನೇರವಾಗಿ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಆದರೂ ಅಲ್ಲಿನ ವೈದ್ಯರ ಹತ್ತಿರ ಥೈರಾಯ್ಡ್, ವಿಟಮಿನ್ ಡಿ ಪರೀಕ್ಷೆ ಮಾಡಿಸಲು ಹೇಳಿದೆ. ಆಮೇಲೆ ಒಂದು ದಿನ ಹೇಗೆ ಕಳೆಯುತ್ತದೆ ಅಂತ ಗಂಟೆ ಗಂಟೆಗೂ ಬರೆದು ತರಲು ಹೇಳಿದೆ.

ಉತ್ತರ ಆ ಹಾಳೆಯಲ್ಲೇ ಇತ್ತು. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಇವರು ಏಳಕ್ಕೆ ಎದ್ದರೆ ದಾವಣಗೆರೆಯಲ್ಲಿ ಹನ್ನೊಂದೂವರೆ. ಎದ್ದ ಕೂಡಲೇ ಅಮ್ಮನಿಗೆ ಫೋನ್, ಆಮೇಲೆ ಅಕ್ಕ, ಚಿಕ್ಕಮ್ಮ. ಅಡುಗೆಯೂ ವಿಡಿಯೋ ಆನ್ ಇಟ್ಟುಕೊಂಡೇ. ರಾತ್ರಿ ಹತ್ತಕ್ಕೆ ಅಮ್ಮ ಮಲಗುತ್ತಾರೆ, ಮ್ಯೂನಿಕ್‌ನಲ್ಲಿ ಆಗಿನ್ನೂ ಐದೂವರೆ. ಅಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಇಪ್ಪತ್ತರ ಹೊತ್ತಿಗೇ ಸೂರ್ಯ ಮುಳುಗಿರುತ್ತಾನೆ. ಗಂಡ ಬರುವುದು ಏಳೂವರೆಗೆ. ಅಳು ಬರುತ್ತಿದ್ದುದು ಸರಿಯಾಗಿ ಆ ಎರಡು ಗಂಟೆಯಲ್ಲಿ.

ಫೋನ್ ಬಿಡಿ ಎಂದು ನಾನು ಹೇಳಲಿಲ್ಲ. ತವರನ್ನು ಮರೆತರೆ ಪರದೇಶ ಒಗ್ಗುತ್ತದೆ ಎನ್ನುವ ಬುದ್ಧಿವಾದದಲ್ಲಿ ನನಗೆ ನಂಬಿಕೆಯಿಲ್ಲ. ಹೊತ್ತು ಮಾತ್ರ ಬದಲಿಸಲು ಹೇಳಿದೆ. ಅಮ್ಮನ ಊಟ ಮುಗಿದ ಮೇಲೆ, ಅಂದರೆ ಅಲ್ಲಿನ ನಾಲ್ಕೂವರೆಗೆ, ಒಂದೇ ಫೋನ್. ಹನ್ನೊಂದರಿಂದ ಒಂದರವರೆಗೆ, ಮೋಡವಿದ್ದರೂ ಸರಿ, ಇಸಾರ್ ನದಿ ದಂಡೆಯಲ್ಲಿ ನಡಿಗೆ. ಆರು ಗಂಟೆಗೆ ಜರ್ಮನ್ ಕ್ಲಾಸು. ಅಲ್ಲಿ ದೊಡ್ಡವರಿಗಾಗಿ ನಗರದ ಶಿಕ್ಷಣ ಕೇಂದ್ರವಿದೆ, ಫೋಕ್ಸ್‌ಹೋಖ್‌ಶೂಲೆ ಅಂತ. ಮನೆಯಲ್ಲೇ ಆ್ಯಪ್‌ನಲ್ಲಿ ಕಲಿಯುತ್ತೇನೆ ಎಂದರು. ಬೇಡ ಎಂದೆ. ಆ ಹೊತ್ತಿಗೆ ನಾಲ್ಕು ಜನರ ನಡುವೆ ಇರಬೇಕಿತ್ತು, ಭಾಷೆ ಆಮೇಲಿನ ಮಾತು.

ಇನ್ನೊಂದು ಸಂಗತಿ ತಡವಾಗಿ ಹೊರಬಂತು. ಒಂದು ಭಾನುವಾರ ದೋಸೆ ಹಿಟ್ಟಿಗೆ ಮಿಕ್ಸಿ ಹಾಕಿದ್ದಾರೆ. ಮಾರನೇ ದಿನ ಬಾಗಿಲಿಗೆ ಚೀಟಿ. ಕೆಳಗಿನ ಮನೆ ಅಜ್ಜಿಗೆ ನಮ್ಮನ್ನು ಕಂಡರೆ ಆಗಲ್ಲ ಎಂದುಕೊಂಡು, ಮೆಟ್ಟಿಲಲ್ಲಿ ಸದ್ದು ಕೇಳಿದರೆ ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದರು. ಚೀಟಿಯನ್ನು ಪೂರ್ತಿ ಓದಿಯೂ ಇರಲಿಲ್ಲ! ಫೋನ್‌ನಲ್ಲಿ ಅನುವಾದ ಮಾಡಿಸಿ ಓದಿಸಿದೆ. ಭಾನುವಾರ ಸದ್ದು ಮಾಡಬೇಡಿ ಎಂದಿತ್ತು, ಅಷ್ಟೇ. ಜರ್ಮನಿಯಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳೂ ಮುಚ್ಚಿರುತ್ತವೆ. ಗಾಜು ಹಾಕಲು ಬೀದಿಯಲ್ಲಿಟ್ಟ ಡಬ್ಬಿಗೆ ಖಾಲಿ ಬಾಟಲಿ ಹಾಕಿದರೂ ಸದ್ದಾಯಿತೆಂದು ಆಕ್ಷೇಪ ಬರುತ್ತದೆ. ಅಜ್ಜಿ ಸಿಡುಕಿಯೂ ಇರಬಹುದು, ಅದು ಬೇರೆ. ಹಿಟ್ಟು ಶನಿವಾರವೇ ರುಬ್ಬಿಟ್ಟುಕೊಳ್ಳಿ, ಎದುರಾದರೆ ಅಲ್ಲಿಯವರಂತೆ 'ಗ್ರ್ಯೂಸ್ ಗೋಟ್' (ನಮ್ಮ ನಮಸ್ಕಾರದ ಹಾಗೆ) ಅನ್ನಿ ಎಂದೆ.

ಗಂಡನ ಜೊತೆಗೂ ಮಾತಾಡಿದೆ. ಒಳ್ಳೆಯ ಮನುಷ್ಯ. "ನಂಗೂ ಮೊದಲ ವರ್ಷ ಹೀಗೇ ಆಗಿತ್ತು, ತಾನಾಗೇ ಸರಿಹೋಯ್ತು" ಎಂದರು. ಅವರಿಗೆ ಆಫೀಸಿತ್ತು, ಇಂಗ್ಲಿಷ್ ಮಾತಾಡುವ ಜೊತೆಗಾರರಿದ್ದರು. ಇವರಿಗೆ ಏನಿದೆ? ಬ್ಯಾಂಕು, ವಿಮೆ, ಡಾಕ್ಟರ್ ಎಲ್ಲವನ್ನೂ ಪ್ರೀತಿಯಿಂದ ಅವರೇ ನೋಡಿಕೊಂಡು ಹೆಂಡತಿಗೆ ಮನೆಯಿಂದ ಹೊರಬೀಳುವ ಕೆಲಸವನ್ನೇ ಉಳಿಸಿರಲಿಲ್ಲ. ಅವನ್ನು ಇವರಿಗೆ ಬಿಡಿ, ಬೇಕಾದರೆ ಪಕ್ಕದಲ್ಲಿರಿ ಎಂದೆ. ವಾರಕ್ಕೆ ಎರಡು ದಿನವಾದರೂ ಆರಕ್ಕೆ ಮನೆಗೆ ಬನ್ನಿ ಎಂದೂ ಕೇಳಿದೆ.

ಹೊಸ ವರ್ಷದಲ್ಲಿ ಕ್ಲಾಸು ಶುರುವಾಗಿದೆ. ಅಳು ಕಡಿಮೆಯಾಗಿದೆ, ನಿಂತಿಲ್ಲ. ಭಾನುವಾರ ಈಗಲೂ ಕಷ್ಟವೇ. ಗಂಡ ಬೇಗ ಬರುವುದು ವಾರಕ್ಕೆ ಒಂದೇ ದಿನ, ಅದರ ಬಗ್ಗೆ ಇನ್ನೊಮ್ಮೆ ಕೂತು ಮಾತಾಡಬೇಕಿದೆ. ಬ್ಲೂ ಕಾರ್ಡ್ (ಓದಿದ ವಿದೇಶಿಯರಿಗೆ ಅಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ) ಇರುವವರ ಸಂಗಾತಿಯಾಗಿ ತಾವೂ ಕೆಲಸಕ್ಕೆ ಸೇರಬಹುದು ಅನ್ನೋದು ಇವರಿಗೆ ಮೊನ್ನೆಯಷ್ಟೇ ತಿಳಿಯಿತಂತೆ. ಎಂ.ಕಾಂ. ಅಂಕಪಟ್ಟಿ ಕೊರಿಯರ್ ಮಾಡಲು ಅಮ್ಮನಿಗೆ ಹೇಳಿದ್ದಾರೆ.