ಮುಳ್ಳೇರಿಯದ ತೋಟಕ್ಕೂ ಕಡಲಿಗೂ ಏನು ಸಂಬಂಧ?

ಪತ್ರ: ಕಡಲು ಉಳಿಸಿ ಅಂತ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಹಾಕಿದ್ದೀರಿ. ನಾವು ಮೀನು ತಿನ್ನುವವರಲ್ಲ, ಕಡಲ ಕರೆಯಲ್ಲಿ ಇರುವವರೂ ಅಲ್ಲ. ಅದರ ಬದಲು ಅಡಿಕೆಯ ಕೊಳೆರೋಗದ ಬಗ್ಗೆ ಬರೆಯಬಾರದಿತ್ತೇ?
– ಓದುಗರೊಬ್ಬರು, ಮುಳ್ಳೇರಿಯ (ಕಾಸರಗೋಡು ಜಿಲ್ಲೆ)

ಸಂಪಾದಕರ ಉತ್ತರ: ಕೊಳೆರೋಗದ ಬಗ್ಗೆ ಖಂಡಿತ ಬರೆಯುತ್ತೇವೆ. ಮಳೆ ಬಿಡದೆ ಹೊಡೆಯುವಾಗ ಮದ್ದು ಬಿಡಲು ಎರಡು ದಿನ ಬಿಸಿಲು ಸಿಗದ ಸಂಕಟ ನಮಗೂ ಗೊತ್ತು. ಆದರೆ ಆ ಮಳೆ ಬರುವುದು ಅರಬ್ಬಿ ಕಡಲಿನಿಂದಲೇ ಅಲ್ವಾ? ಭೂಮಿಯಲ್ಲಿ ಹೆಚ್ಚಾದ ಬಿಸಿಯಲ್ಲಿ ನೂರಕ್ಕೆ 90ರಷ್ಟು ಪಾಲನ್ನು ಕಡಲೇ ನುಂಗಿಕೊಂಡಿದೆ. ಕಡಲು ಬಿಸಿಯಾದಷ್ಟೂ ಆವಿ ಜಾಸ್ತಿ, ಸುರಿದರೆ ಒಮ್ಮೆಗೇ ಸುರಿಯುತ್ತದೆ. ಅರಬ್ಬಿ ಕಡಲಲ್ಲಿ ಚಂಡಮಾರುತಗಳೂ ಹೆಚ್ಚಿವೆ. 2021ರ ಮೇಯಲ್ಲಿ ತೌಕ್ತೆ ಬಂದಾಗ ಉಪ್ಪಳದ ಮುಸೋಡಿಯಲ್ಲಿ ಮನೆ ಕುಸಿದು ಕಡಲಿಗೆ ಬಿದ್ದದ್ದು ನೆನಪಿರಬಹುದು.

ಇನ್ನು ನಿಮ್ಮ ತೋಟದ ಮಾತು. ಕೊಳೆರೋಗ ಬಾರದಿರಲಿ ಅಂತ ಹಲವರು ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ಬಿಸಿಲಿಗೆ ಅದು ಹಪ್ಪಳದ ಹಾಗೆ ಪುಡಿಯಾಗಿ ಉದುರುತ್ತದೆ. ಉದುರಿದ್ದು ಮಳೆನೀರಲ್ಲಿ ತೋಡಿಗೆ, ತೋಡಿನಿಂದ ಪಯಸ್ವಿನಿ ಹೊಳೆಗೆ, ಅಲ್ಲಿಂದ ಚಂದ್ರಗಿರಿ ಅಳಿವೆ ದಾಟಿ ಕಡಲಿಗೆ. ಅಲ್ಲಿ ಅದು ಕರಗುವುದಿಲ್ಲ, ಇನ್ನೂ ಸಣ್ಣದಾಗಿ ಮೀನಿನ ಹೊಟ್ಟೆ ಸೇರುತ್ತದೆ. ಮೀನು ತಿನ್ನದ ಮನೆಯ ಪ್ಲಾಸ್ಟಿಕ್ಕನ್ನು ಮೀನು ತಿನ್ನುತ್ತಿದೆ. ಇದು ನ್ಯಾಯವಲ್ಲ ಎಂದೇ ನಮ್ಮ ಅನಿಸಿಕೆ.

ಕಡಲ ಕರೆಯವರು ತಮ್ಮ ಪಾಲಿನ ಕಟ್ಟುಪಾಡು ಹೊತ್ತುಕೊಂಡಿದ್ದಾರೆ. ಮೀನು ಮೊಟ್ಟೆಯಿಡುವ ಕಾಲ ಅಂತ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲ್ ಬೋಟುಗಳು (ದೊಡ್ಡ ಬಲೆ ಎಳೆದು ಮೀನು ಹಿಡಿಯುವ ಯಂತ್ರದ ದೋಣಿಗಳು) ಕಡಲಿಗೆ ಇಳಿಯುವಂತಿಲ್ಲ. 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ, 14ಕ್ಕಿಂತ ಸಣ್ಣ ಬಂಗುಡೆ ಹಿಡಿಯುವಂತಿಲ್ಲ. ಕೊಲ್ಲಂನ ನೀಂಡಕರೆಯಲ್ಲಿ 2017ರಿಂದ ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಮೀನುಗಾರರೇ ದಡಕ್ಕೆ ತಂದದ್ದುಂಟು, ಅದನ್ನು ಪುಡಿ ಮಾಡಿ ರಸ್ತೆ ಡಾಮರಿಗೆ ಸೇರಿಸಿದರು. ಆ ಪ್ಲಾಸ್ಟಿಕ್ ಎಲ್ಲ ಅವರದ್ದೇ ಆಗಿತ್ತೇ?

ಕೊಟ್ಟೆ ಕಟ್ಟಲೇಬೇಡಿ ಅನ್ನುವ ಧೈರ್ಯ ನಮಗಿಲ್ಲ, ಬೆಳೆ ನಿಮ್ಮದು. ಪುಡಿಯಾಗುವ ಮೊದಲೇ ಬಿಚ್ಚಿ ಚೀಲಕ್ಕೆ ತುಂಬಿಡಿ. ಪಂಚಾಯತಿನ ಪರವಾಗಿ ಪ್ಲಾಸ್ಟಿಕ್ ಕಸ ಒಯ್ಯಲು ಮನೆಗೆ ಬರುವ ಹರಿತ ಕರ್ಮ ಸೇನೆಯವರು ಅದನ್ನು ಒಯ್ಯುತ್ತಾರೆಯೇ ಎಂದು ಕೇಳಿ. ಇಲ್ಲ ಅಂದರೆ ವಾರ್ಡು ಸದಸ್ಯರನ್ನು ಹಿಡಿಯಿರಿ. ಅವರು ಏನಂದರು ಅಂತ ನಮಗೂ ಬರೆಯಿರಿ, ಅಚ್ಚು ಹಾಕುತ್ತೇವೆ.