ಗ್ಯಾರೇಜ್ ಬಾಗಿಲಲ್ಲಿ: ಎಲ್ಲರೂ ಬೇಡ ಅನ್ನುವ ಪುಂಟೊ

ಪ್ರಶ್ನೆ: ನಾನು ಬಾಗೇಪಲ್ಲಿ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. ಮನೆ ಚಿಕ್ಕಬಳ್ಳಾಪುರದಲ್ಲಿ. ಇಷ್ಟು ವರ್ಷ ಬಸ್ಸಿನಲ್ಲೇ ಓಡಾಡಿದ್ದೇನೆ. ಈಗ ಅತ್ತೆಯವರನ್ನು ತಿಂಗಳಿಗೊಮ್ಮೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತೋರಿಸಬೇಕು. ಅವರಿಗೆ ಬಸ್ ಹತ್ತಲು ಆಗುವುದಿಲ್ಲ. ಪರಿಚಯದವರು 2012ರ ಫಿಯಟ್ ಪುಂಟೊ ಡೀಸೆಲ್ ಕೊಡುತ್ತೇನೆ ಅನ್ನುತ್ತಿದ್ದಾರೆ. 88,000 ಕಿ.ಮೀ. ಓಡಿದೆಯಂತೆ. 1.60 ಲಕ್ಷ ಹೇಳುತ್ತಾರೆ. ಓಡಿಸಿ ನೋಡಿದೆ, ತುಂಬಾ ಇಷ್ಟವಾಯಿತು. ಆದರೆ ಯಾರನ್ನು ಕೇಳಿದರೂ ‘ಫಿಯಟ್ಟಾ? ಬೇಡವೇ ಬೇಡ’ ಅನ್ನುತ್ತಾರೆ. ಏನು ಮಾಡಲಿ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಶಿಡ್ಲಘಟ್ಟದಲ್ಲಿ ಗ್ಯಾರೇಜ್ ಇಟ್ಟು 24 ವರ್ಷವಾಯಿತು. ಈ ಪ್ರಶ್ನೆ ನನಗೆ ಹೊಸದಲ್ಲ. ಬೇಡ ಅನ್ನುವವರಲ್ಲಿ ಎಷ್ಟು ಜನ ಪುಂಟೊ ಓಡಿಸಿದ್ದಾರೆ, ಒಮ್ಮೆ ಕೇಳಿ ನೋಡಿ. ಆದರೂ ಅವರ ಭಯ ಪೂರ್ತಿ ಸುಳ್ಳಲ್ಲ. ಭಯ ಯಾವುದಕ್ಕೆ ಪಡಬೇಕು ಅನ್ನುವುದರಲ್ಲಿ ಮಾತ್ರ ತಪ್ಪುತ್ತಾರೆ.

ಇಂಜಿನ್‌ಗೆ ಹೆದರಬೇಡಿ. 1248 ಸಿಸಿಯ ಇದೇ ಮಲ್ಟಿಜೆಟ್ ಇಂಜಿನ್ ಮಾರುತಿ ಸ್ವಿಫ್ಟ್ ಡೀಸೆಲ್‌ನಲ್ಲಿತ್ತು, ಟಾಟಾ ಇಂಡಿಕಾ ವಿಸ್ಟಾದಲ್ಲೂ ಇತ್ತು. ನಮ್ಮ ಜಿಲ್ಲೆಯಲ್ಲಿ ಸ್ವಿಫ್ಟ್ ಡೀಸೆಲ್ ಬಿಚ್ಚದ ಮೆಕ್ಯಾನಿಕ್ ಇಲ್ಲ. ಒಳಗಿನ ಬಹಳಷ್ಟು ಸಾಮಾನು ಈಗಲೂ ಸಿಗುತ್ತದೆ. ಇಂಜಿನ್ ಒಳಗಿನ ಭಾಗಗಳನ್ನು ತಾಳಕ್ಕೆ ಸರಿಯಾಗಿ ಓಡಿಸಲು ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಆ ಚೈನಿನ ಸದ್ದು ಕೇಳಿ. ಮೊದಲ ಕೆಲವು ಸೆಕೆಂಡ್ ಗಲಗಲ ಅಂದರೆ ಖರ್ಚು ಕಾದಿದೆ. ನೀವು ಹೋಗುವಷ್ಟರಲ್ಲಿ ಅವರು ಇಂಜಿನ್ ಬಿಸಿ ಮಾಡಿಟ್ಟಿದ್ದರೆ, ವಾಪಸ್ ಬಂದು ಇನ್ನೊಂದು ದಿನ ಹೋಗಿ.

ಹೆದರಬೇಕಾದ್ದು ಇಂಜಿನ್ ಸುತ್ತ ಇರುವುದಕ್ಕೆ. ಪೈಪು, ಬ್ರಾಕೆಟ್ಟು, ವೈರಿಂಗು, ಸಸ್ಪೆನ್ಷನ್, ಹೆಡ್‌ಲೈಟು, ಬಾಗಿಲ ಬೀಗ, ಇವೆಲ್ಲ ಪುಂಟೊದವೇ ಆಗಬೇಕು. ಫಿಯಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾಗಿವೆ. ಪುಣೆ ಹತ್ತಿರದ ರಂಜನ್‌ಗಾಂವ್ ಫ್ಯಾಕ್ಟರಿಯಲ್ಲಿ ಈಗ ಜೀಪ್ ಕಾರು ಮಾಡುತ್ತಾರೆ. ನಮ್ಮ ಊರುಗಳ ಅಂಗಡಿಯಲ್ಲಿ ಪುಂಟೊದ ಒಂದು ಲೋಯರ್ ಆರ್ಮ್ (ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಭಾಗ) ಕೇಳಿದರೆ ‘ತರಿಸಬೇಕು’ ಅನ್ನುತ್ತಾರೆ. ತರಿಸಲು ನಾಲ್ಕು ದಿನವೂ ಆಗಬಹುದು, ಹದಿನೈದು ದಿನವೂ ಆಗಬಹುದು. ಅಷ್ಟು ದಿನ ಕಾರು ಜಾಕ್ ಮೇಲೆ ನಿಂತಿರುತ್ತದೆ.

ಇಲ್ಲಿ ನಿಮಗೆ ಒಂದು ಅನುಕೂಲ ಇದೆ. ಶಾಲೆಗೆ ಹೋಗಲು ಬಸ್ ಇದ್ದೇ ಇದೆ. ಕಾರು ಒಂದು ವಾರ ನಿಂತರೆ ನಿಮ್ಮ ಕೆಲಸ ನಿಲ್ಲುವುದಿಲ್ಲ. ಆಸ್ಪತ್ರೆ ದಿನ ಮೊದಲೇ ಗೊತ್ತಿರುತ್ತದೆ, ಬಾಡಿಗೆ ಕಾರು ಹೇಳಬಹುದು. ದಿನಾ 80 ಕಿ.ಮೀ. ಇದನ್ನೇ ನಂಬಿಕೊಳ್ಳುತ್ತೇನೆ ಅಂದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ನನಗೆ ಅನುಮಾನ ಬಂದಿದ್ದು ಆ 88,000ದ ಮೇಲೆ. 2012ರಿಂದ ಲೆಕ್ಕ ಹಾಕಿ, ವರ್ಷಕ್ಕೆ 7,000 ಕೂಡ ಬೀಳುವುದಿಲ್ಲ. ಅಷ್ಟು ಕಡಿಮೆ ಓಡಾಡುವವರು ಸಾಮಾನ್ಯವಾಗಿ ಡೀಸೆಲ್ ತಗೊಳ್ಳುವುದಿಲ್ಲ. ಮೀಟರ್ ಹಿಂದಕ್ಕೆ ತಿರುಗಿಸಿರಬಹುದು. 2013ರಲ್ಲಿ ನಮ್ಮ ಭಾವನಿಗೆ ನಾನೇ ಮುಂದೆ ನಿಂತು ಒಂದು ಹಳೆ ಕಾರು ಕೊಡಿಸಿದ್ದೆ. ಮೀಟರ್‌ನಲ್ಲಿ 62,000. ಕ್ಲಚ್ ಪೆಡಲ್‌ನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ನೋಡಿಯೂ ಸುಮ್ಮನಾದೆ, ಬಣ್ಣ ಅಷ್ಟು ಹೊಳೆಯುತ್ತಿತ್ತು. ಮೂರು ತಿಂಗಳ ಮೇಲೆ ಪಂಚರ್ ಆಯಿತು. ಸ್ಟೆಪ್ನಿ ತೆಗೆದರೆ ಅದರ ಕೆಳಗೆ ಹಳೆಯ ಸರ್ವಿಸ್ ಬಿಲ್. 1,40,000 ಕಿ.ಮೀ. ಅಂತ ಬರೆದಿತ್ತು. ಭಾವ ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ನೋಯುತ್ತದೆ. ಅವತ್ತಿನಿಂದ ಮೀಟರ್ ಕೊನೆಗೆ ನೋಡುತ್ತೇನೆ. ಪೆಡಲ್, ಸ್ಟೀರಿಂಗ್, ಡ್ರೈವರ್ ಸೀಟಿನ ಅಂಚು ಮೊದಲು.

ಇನ್ನು ನಮ್ಮ ಕಡೆಯ ಕಾರುಗಳಿಗೆ ಅಂತಲೇ ಕೆಲವು ವಿಷಯ ಇವೆ. ಇಂಜಿನ್ ತಣ್ಣಗಿರುವಾಗ ಕೂಲೆಂಟ್ ಮುಚ್ಚಳ ತೆಗೆದು ನೋಡಿ. ಒಳಗೆ ಬಣ್ಣದ ಕೂಲೆಂಟ್ ಇರಬೇಕು. ತುಕ್ಕು ನೀರು, ಬಿಳಿ ಪದರ ಕಂಡರೆ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದಾರೆ. ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮ ಅಡುಗೆಮನೆ ಪಾತ್ರೆಗಳೇ ಹೇಳುತ್ತವೆ ಅಲ್ವಾ? ರೇಡಿಯೇಟರ್‌ಗೂ ಅದೇ ಗತಿ. ಹಿಂದಿನ ಸೀಟು ಮಡಚಿ ಕೆಳಗೆ ಕೈ ಹಾಕಿ. ಟೊಮೆಟೊ ಬಾಕ್ಸ್, ರೇಷ್ಮೆ ಗೂಡು ಸಾಗಿಸಿದ ಕಾರಾದರೆ ಗೀರು, ವಾಸನೆ ಎರಡೂ ಸಿಗುತ್ತವೆ, ಹಿಂದಿನ ಸ್ಪ್ರಿಂಗ್ ಕುಸಿದಿರುತ್ತದೆ. ಸೀಟ್ ಬೆಲ್ಟ್ ಕೊನೆಯವರೆಗೆ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರಲ್ಲಿ ನಿಂತಿತ್ತು ಅಂತ ಅರ್ಥ. 2021ರ ನವೆಂಬರ್ ಮಳೆ ನೆನಪಿದೆಯಲ್ಲ.

ಆಮೇಲೆ ನಂದಿ ಬೆಟ್ಟ ಹತ್ತಿಸಿ. ಹೈವೇ ಮೇಲೆ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತವೆ. ಬೆಟ್ಟದ ತಿರುವಿನಲ್ಲಿ ಎಸಿ ಹಾಕಿಕೊಂಡು ಎರಡನೇ ಗೇರಿನಲ್ಲಿ ಎಳೆಸಿ. ಇಂಜಿನ್ ಕಿರುಚಿ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕಿಂತ ಮೇಲೆ ಏರಬಾರದು. ಇಳಿಯುವಾಗ ಕಿಟಕಿ ತೆರೆದು ಸಸ್ಪೆನ್ಷನ್ ಸದ್ದು ಕೇಳಿ. ಪುಂಟೊದಲ್ಲಿ ನನಗೆ ಮುಖ್ಯ ಅದೇ.

ಕಾಗದದ ವಿಷಯಕ್ಕೆ ಬರೋಣ. 2027ಕ್ಕೆ ಈ ಕಾರಿಗೆ 15 ವರ್ಷ ತುಂಬುತ್ತದೆ. ಆಗ ಆರ್‌ಟಿಒದಲ್ಲಿ ಫಿಟ್‌ನೆಸ್ ಮಾಡಿಸಿ ಆರ್‌ಸಿಯನ್ನು 5 ವರ್ಷಕ್ಕೆ ಮುಂದುವರಿಸಬೇಕು. ನವೀಕರಣಕ್ಕೇ 5,000 ರೂಪಾಯಿ, ಅದರ ಮೇಲೆ ಹಳೆಯ ವಾಹನಗಳಿಗೆ ಹಾಕುವ ಹಸಿರು ತೆರಿಗೆ. ಡೀಸೆಲ್‌ಗೆ ಹತ್ತೇ ವರ್ಷ ಅನ್ನುವ ಮಾತು ದೆಹಲಿ ಸುತ್ತಮುತ್ತಲಿನದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲ ಇನ್ನೂ ಕಾಣಿಸುತ್ತಿದ್ದರೆ, ಅದನ್ನು ತೆಗೆಸಿದ ಮೇಲೆಯೇ ದುಡ್ಡು ಕೊಡಿ. ಪರಿಚಯದವರು ಅಂತ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸುಮ್ನೆ ಸಹಿ ಮಾಡಿಸಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ತಕ್ಷಣ ಹೆಸರು ಬದಲಾಯಿಸಿ. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಬರೆಸಲು ಅರ್ಜಿ ಕೊಡಬೇಕು. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ.

ರೇಟು 1.60 ಜಾಸ್ತಿ. ಇಷ್ಟು ಹಳೆಯ ಫಿಯಟ್‌ಗೆ ನಾನಾದರೆ 1.10ಕ್ಕಿಂತ ಮೇಲೆ ಹೋಗುವುದಿಲ್ಲ. ಉಳಿದ 50,000 ಬ್ಯಾಂಕಿನಲ್ಲಿ ಇಡಿ. ಮೊದಲ ವರ್ಷದಲ್ಲೇ ಟೈರು, ಬ್ಯಾಟರಿ, ಸಸ್ಪೆನ್ಷನ್ ಅಂತ ಅದು ಕರಗುತ್ತದೆ. ಮುಂದೆ ಮಾರಿದರೆ ಇಷ್ಟು ಬರುತ್ತದೆ ಅನ್ನುವ ಲೆಕ್ಕವನ್ನೇ ಇಟ್ಟುಕೊಳ್ಳಬೇಡಿ.

ದುಡ್ಡು ಕೊಡುವ ಮುಂಚೆ ಇನ್ನೊಂದು ಕೆಲಸ. ಚಿಕ್ಕಬಳ್ಳಾಪುರದಲ್ಲೋ ಯಲಹಂಕದಲ್ಲೋ ಫಿಯಟ್ ಕೈಯಾರೆ ಮಾಡುವ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ. ‘ಈ ಕಾರು ತಂದರೆ ನೋಡಿಕೊಳ್ಳುತ್ತೀರಾ, ಸಾಮಾನು ಎಲ್ಲಿಂದ ತರಿಸುತ್ತೀರಾ’ ಅಂತ ನೇರ ಕೇಳಿ. ತಡವರಿಸದೆ ಉತ್ತರ ಕೊಟ್ಟರೆ ಕಾರು ತಗೊಳ್ಳಿ. ಅಂಥವರು ಸಿಗದಿದ್ದರೆ, ಎಷ್ಟೇ ಇಷ್ಟವಾಗಿದ್ದರೂ ಬಿಡಿ. ಅದೇ ದುಡ್ಡಿಗೆ ಹಳೆಯ ವ್ಯಾಗನ್ ಆರ್ ಪೆಟ್ರೋಲ್ ನೋಡಿ. ಸೀಟು ಎತ್ತರ ಇರುವುದರಿಂದ ನಿಮ್ಮ ಅತ್ತೆಯವರಿಗೆ ಹತ್ತಿ ಇಳಿಯಲು ಸುಲಭ. ಪುಂಟೊ ನೋಡಲು ಹೋಗುವಾಗಲೂ ಅವರನ್ನು ಕರೆದುಕೊಂಡು ಹೋಗಿ, ಒಮ್ಮೆ ಕೂರಿಸಿ ನೋಡಿ.

ಪ್ರಶ್ನೆ: ಹಿಂದೂಪುರದಲ್ಲಿ ಆಂಧ್ರ ನಂಬರಿನ 2014ರ ಕಾರು ಅಗ್ಗಕ್ಕೆ ಸಿಗುತ್ತಿದೆ. ತರಬಹುದೇ?
— ಓದುಗರು, ಗೌರಿಬಿದನೂರು

ಉತ್ತರ: ತರಬಹುದು, ಆದರೆ ಇಲ್ಲಿ ತೆರಿಗೆ ಕಟ್ಟಿದ ಮೇಲೂ ಅಗ್ಗವೇ ಉಳಿಯುತ್ತದಾ ಅಂತ ಮೊದಲು ನೋಡಿ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಅಂದರೆ ಕಾರು ಒಯ್ಯಲು ಅಭ್ಯಂತರ ಇಲ್ಲ ಅನ್ನುವ ಪತ್ರ ಬೇಕು. ಇಲ್ಲಿಗೆ ತಂದ 12 ತಿಂಗಳೊಳಗೆ ಕೆಎ-40 ನಂಬರ್ ಮಾಡಿಸಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಆ ಮೊತ್ತ ಎಷ್ಟು ಅಂತ ನಿಮ್ಮ ಆರ್‌ಟಿಒದಲ್ಲಿ ಕೇಳಿಕೊಂಡು, ಆಮೇಲೆ ಹಿಂದೂಪುರಕ್ಕೆ ಹೋಗಿ.