ಮನೆಯಲ್ಲಿ ಮಾಡಿದ ಚಿಕನ್ ಬರ್ಗರ್ ಪ್ಯಾಟಿ ಯಾಕೆ ಒಣಗಿ ಸಪ್ಪೆಯಾಗುತ್ತದೆ?

ಅರ್ಧ ಕೆಜಿ ಎದೆಭಾಗದ ಕೀಮಾ, ಒಂದು ಮೊಟ್ಟೆ, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಹಸಿ ಈರುಳ್ಳಿ, ಎರಡು ಚಮಚ ಕಬಾಬ್ ಪುಡಿ. ಇಷ್ಟು ಹಾಕಿದರೂ ಸಪ್ಪೆ, ಜೊತೆಗೆ ಒಣಕಲು ಎಂದು ಬರೆದಿದ್ದೀರಿ. ಇಲ್ಲಿ ಕಡಿಮೆ ಬಿದ್ದಿರುವುದು ಮಸಾಲೆ ಅಲ್ಲ, ಕೊಬ್ಬು. ಎದೆಮಾಂಸದಲ್ಲಿ ಕೊಬ್ಬು ನೂರಕ್ಕೆ ಎರಡು-ಮೂರು ಪಾಲು ಅಷ್ಟೇ. ಕೋಳಿಯನ್ನು ಅರೆಬೆಂದ ಹಾಗೆ ತಿನ್ನುವಂತಿಲ್ಲ, ಪೂರ್ತಿ ಬೇಯುವಷ್ಟರಲ್ಲಿ ಇದ್ದಬದ್ದ ರಸವೆಲ್ಲ ಕಾವಲಿ ಮೇಲೆ ಹರಿದುಹೋಗಿರುತ್ತದೆ.

ಅಂಗಡಿಯಲ್ಲಿ ಬೋನ್‌ಲೆಸ್ ತೊಡೆ ಕೇಳಿ ತನ್ನಿ. ನಾಲ್ಕು ಪ್ಯಾಟಿಗೆ 500 ಗ್ರಾಂ ಸಾಕು. ಚರ್ಮ ಸಿಕ್ಕರೆ 50 ಗ್ರಾಂ ಜೊತೆಗೇ ರುಬ್ಬಿಸಿ. ಸಿಗದಿದ್ದರೆ ಒಂದೂವರೆ ದೊಡ್ಡ ಚಮಚ ಗಟ್ಟಿ ಬೆಣ್ಣೆ ತುರಿದು ಹಾಕಿ. ಮಾಂಸ ತೊಳೆದರೆ ಬಟ್ಟೆಯಲ್ಲಿ ಒತ್ತಿ ಒರೆಸಲೇಬೇಕು, ಇಲ್ಲವಾದರೆ ಕೀಮಾ ಜೊತೆ ನೀರನ್ನೂ ರುಬ್ಬಿದ ಹಾಗಾಗುತ್ತದೆ. ಮಿಕ್ಸಿಯಲ್ಲಿ ಮಾಡುವುದಾದರೆ ತುಂಡುಗಳನ್ನು 20 ನಿಮಿಷ ಫ್ರೀಜರ್‌ನಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಬ್ಲೇಡಿನ ಬಿಸಿಗೆ ಕೊಬ್ಬು ಕರಗಿ ಮಾಂಸ ಚಟ್ನಿಯಾಗುತ್ತದೆ.

ಮೊಟ್ಟೆ ಬಿಡಿ, ಮಿಶ್ರಣ ಸಡಿಲವಾಗುತ್ತದೆ. ಅದರ ಬದಲು ಅಂಚು ತೆಗೆದ ಒಂದು ಬ್ರೆಡ್ ಸ್ಲೈಸನ್ನು ಎರಡು ದೊಡ್ಡ ಚಮಚ ಹಾಲಿನಲ್ಲಿ ನೆನೆಸಿ ಕಿವುಚಿ ಸೇರಿಸಿ. ಬೇಯುವಾಗ ಬಿಡುವ ರಸವನ್ನು ಹಿಡಿದಿಡುವುದು ಇದೇ. ಹಸಿ ಈರುಳ್ಳಿ ಉಪ್ಪು ತಾಗಿದ ಕೂಡಲೇ ನೀರು ಬಿಡುತ್ತದೆ, ಆಮೇಲೆ ಪ್ಯಾಟಿ ಬಿರುಕು ಬಿಡುತ್ತದೆ. ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಸಣ್ಣಗೆ ಹೆಚ್ಚಿ ಕೆಂಪಗೆ ಹುರಿದು, ಪೂರ್ತಿ ಆರಿಸಿ ಹಾಕಿ. ಹಸಿ ಶುಂಠಿಯಂತೂ ಬೇಡವೇ ಬೇಡ. ಮಾಂಸವನ್ನು ಮೆತ್ತಗೆ ಮಾಡುವ ಅದರ ಗುಣ ಕಬಾಬ್ ತುಂಡಿಗೆ ಒಳ್ಳೆಯದು, ಕೀಮಾದಲ್ಲಿ ಒಂದೆರಡು ಗಂಟೆ ಕೂತರೆ ಪಿಚಪಿಚ ಆಗುತ್ತದೆ. ಬೇಕೇ ಬೇಕಿದ್ದರೆ ಈರುಳ್ಳಿ ಜೊತೆ ಹುರಿದುಕೊಳ್ಳಿ.

ಇನ್ನು ಒಂದು ಸಣ್ಣ ಚಮಚ (ಸುಮಾರು 6 ಗ್ರಾಂ) ಉಪ್ಪು, ಒಂದು ಸಣ್ಣ ಚಮಚ ಸೋಯಾ ಸಾಸ್, ಅರ್ಧ ಚಮಚ ಕುಟ್ಟಿದ ಕಾಳುಮೆಣಸು, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ. ಸೋಯಾ ಸಾಸ್‌ನಿಂದ ಚೈನೀಸ್ ರುಚಿ ಬರುತ್ತದೆಂಬ ಭಯ ಬೇಡ, ಇಷ್ಟರಲ್ಲಿ ಅದು ಗೊತ್ತೇ ಆಗುವುದಿಲ್ಲ, ಮಾಂಸದ ರುಚಿಯೇ ಎದ್ದು ಬರುತ್ತದೆ. ಕಬಾಬ್ ಪುಡಿ ಹಾಕಿದರೆ ಬರ್ಗರಿಗೂ ಕಬಾಬಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅದರಲ್ಲಿ ಉಪ್ಪು ಬೇರೆ ಇರುತ್ತದೆ.

ಬೆರಳಿಗೆ ಅಂಟುವವರೆಗೆ, ಅಂದರೆ ಒಂದು ನಿಮಿಷ ಕಲಸಿದರೆ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಸಾಸೇಜಿನ ಹಾಗೆ ಬಿಗಿಯುತ್ತದೆ. ಅಂಗೈಗೆ ಎಣ್ಣೆ ಸವರಿ, ಬನ್ನಿಗಿಂತ ಒಂದು ಸೆಂಟಿಮೀಟರ್ ಅಗಲವಾಗಿ, 2 ಸೆಂಟಿಮೀಟರ್ ದಪ್ಪ ತಟ್ಟಿ. ಬೆಂದಾಗ ಅದು ಕುಗ್ಗಿ ನಡುವೆ ಉಬ್ಬುತ್ತದೆ, ಹಾಗಾಗಿ ಮಧ್ಯದಲ್ಲಿ ಹೆಬ್ಬೆರಳಿಂದ ಒಂದು ಗುಳಿ ಒತ್ತಿ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಮಗುಚುವಾಗ ಒಡೆಯುವುದಿಲ್ಲ.

ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಲಿ, ಆಮೇಲೆ ಎಣ್ಣೆ ಹಾಕಿ ಉರಿ ಮಧ್ಯಮಕ್ಕಿಳಿಸಿ. ಮೊದಲ ಮಗ್ಗುಲು ಐದು ನಿಮಿಷ ಮುಟ್ಟಬೇಡಿ. ಕೆಂಪಗೆ ಗರಿಯಾದ ಮೇಲೆ ತಾನೇ ಕಾವಲಿ ಬಿಡುತ್ತದೆ, ಮೊದಲೇ ಎಬ್ಬಿಸಿದರೆ ಆ ಗರಿಯೇ ಅಂಟಿಕೊಂಡು ಹೋಗುತ್ತದೆ. ರುಚಿಯ ಅರ್ಧ ಪಾಲು ಇರುವುದು ಅದರಲ್ಲೇ. ಮಗುಚಿ ಇನ್ನು ನಾಲ್ಕೈದು ನಿಮಿಷ, ಕೊನೆಯ ಒಂದು ನಿಮಿಷ ಮುಚ್ಚಳ ಮುಚ್ಚಿ. ಸಟ್ಟುಗದಿಂದ ಒತ್ತಬೇಡಿ, ಚೊಯ್ಯೆಂದು ಸದ್ದು ಮಾಡುತ್ತಾ ಹೊರಬರುವುದೆಲ್ಲ ರಸವೇ. ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ರುಬ್ಬುವಾಗ ಮೇಲ್ಮೈಯ ರೋಗಾಣು ಒಳಗೆಲ್ಲ ಸೇರಿರುತ್ತದಾದ್ದರಿಂದ ಇದರಲ್ಲಿ ರಾಜಿ ಇಲ್ಲ. ಬಣ್ಣ ನೋಡಿ ಬೆಂದಿದೆ ಎನ್ನುವುದು ಅಷ್ಟು ನಂಬಿಕೆಯ ಗುರುತಲ್ಲ, ಅಡುಗೆ ಥರ್ಮಾಮೀಟರ್ ಕೊಂಡರೆ ದುಡ್ಡು ದಂಡವಾಗುವುದಿಲ್ಲ. ಇಳಿಸಿ ಮೂರು ನಿಮಿಷ ಬಿಟ್ಟು ಬನ್ನಿಗಿಡಿ.

ನಮ್ಮ ಬೇಕರಿ ಬನ್ನು ಸಿಹಿ, ಮೆತ್ತಗೆ. ಒಳಬದಿಗೆ ಬೆಣ್ಣೆ ಸವರಿ ಅದೇ ಕಾವಲಿ ಮೇಲೆ ಕೆಂಪಗೆ ಮಾಡದಿದ್ದರೆ ಸಾಸ್ ಹೀರಿ ಮುದ್ದೆಯಾಗುತ್ತದೆ. ಆ ಸಿಹಿಗೆ ಎದುರಾಗಿ ಹುಳಿ ಬೇಕು: ಮೂರು ಚಮಚ ಮೇಯೊನೇಸಿಗೆ ಅರ್ಧ ನಿಂಬೆ ರಸ, ಜೊತೆಗೆ ವಿನೆಗರ್‌ನಲ್ಲಿ ಹತ್ತು ನಿಮಿಷ ನೆನೆಸಿದ ಈರುಳ್ಳಿ ಬಿಲ್ಲೆ.

ಮಿಕ್ಕ ಪ್ಯಾಟಿಗಳನ್ನು ಹಸಿಯಾಗಿಯೇ, ನಡುವೆ ಬಟರ್ ಪೇಪರ್ ಇಟ್ಟು ಫ್ರೀಜರ್‌ಗೆ ಹಾಕಿದರೆ ಒಂದು ತಿಂಗಳು ಚೆನ್ನಾಗಿರುತ್ತವೆ. ಬೇಕಾದಾಗ ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಅಡುಗೆ ಕಟ್ಟೆಯ ಮೇಲಿಟ್ಟು ಕರಗಿಸಬೇಡಿ.